ಹಾಸಿಗೆ ಅಂಗಡಿಯ ಏಳು ಹಾಡು

ದುರ್ಗಿಗುಡಿಯಲ್ಲಿ ಶಟರ್ ಇಳಿದ ಮೇಲೆ
ನಿಖತ್ ನದಾಫ್‌ಳ ಮಾವನ ಹಾಸಿಗೆ ಅಂಗಡಿಯೇ ನಮ್ಮ ಸ್ಟುಡಿಯೋ.
ಬೂರುಗದ ಹತ್ತಿ ಮಾರ್ದನಿಯನ್ನೆಲ್ಲ ನುಂಗುತ್ತದೆ,
ನನ್ನ ಮೂಗನ್ನೂ ಬಿಡುವುದಿಲ್ಲ:
ಎರಡನೇ ಹಾಡಿನ ಕೊನೆಯಲ್ಲಿ ಕೇಳುವ ಸೀನು ನನ್ನದೇ.

ನವಿಲೆಯ ಕೃಷಿ ಕಾಲೇಜಲ್ಲಿ ಮಣ್ಣಿನ ಹುಳಿ ಅಳೆದು
ಇಥಿಯೋಪಿಯಕ್ಕೆ ಮರಳುವಾಗ ತೆಸ್ಫಾಯೆ
ಆರು ತಂತಿಯ ಕ್ರಾರ್ ಇವಳ ಕೈಗಿಟ್ಟ,
ಜೊತೆಗೊಂದು ಪದ: ತಿಜಿತಾ.
ನೆನಪು ಅಂತಲೂ ಹೌದು, ನೆನಪಾದಾಗಿನ ಸಂಕಟ ಅಂತಲೂ,
ಆ ಸಂಕಟದ ಹಾಡು ಅಂತಲೂ.
ನಿಮ್ಮಲ್ಲಿ ಏನಂತೀರಿ, ಕೇಳಿದ್ದನಂತೆ.
ಇವಳು ಇನ್ನೂ ಹುಡುಕುತ್ತಿದ್ದಾಳೆ.

ಮೊದಲ ಹಾಡಿಗೆ ಕಮಲಾಕ್ಷಿ ಟೀಚರ್ ತೊಡೆ ತಟ್ಟಿ ನಕ್ಕರು:
"ಮೋಹನ ಕಣೇ! ಪರದೇಶದ್ದೇನು ಬಂತು?"
ಎಣಿಸಿದರೆ ಹೌದು, ಐದಕ್ಕೆ ಐದೂ ಅವೇ ಸ್ವರ.
ನಿಖತ್ ವಾದಿಸಲಿಲ್ಲ.
ಗಾಂಧಾರದಿಂದ ಇಳಿಯುವ ಮುಂಚೆ
ಹೊಸ್ತಿಲಲ್ಲಿ ಚಪ್ಪಲಿ ಹುಡುಕುವವರ ಹಾಗೆ ತುಸು ತಡೆದಳು.
ಟೀಚರ್ ಕೈ ಗಾಳಿಯಲ್ಲೇ ನಿಂತಿತು.

ನಾನು ಮದುವೆ ಬ್ಯಾಂಡಿನ ಡ್ರಮ್ಮಿನವನು.
ಅವರ ಆ ಆರರ ಕುಂಟು ನಡೆ
ಮೂರು ತಿಂಗಳಾದರೂ ಕೈಗೆ ಹತ್ತಲಿಲ್ಲ.
ಒಂದು ರಾತ್ರಿ, ಬೀಗದಕೈಗೆಂದು ಬಂದ ಮಾವ
ನನ್ನ ಪಾಡು ನೋಡಲಾರದೆ
ಗೋಡೆಯಲ್ಲಿದ್ದ, ಅವರಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲು ಇಳಿಸಿ
ಧೂಳು ಒದರಿ, ಕೊಡತಿಯಿಂದ ಮೀಟಿದರು.
ಧುನ್ ಧುನಕ, ಧುನ್ ಧುನಕ.
ಮೂವತ್ತು ವರ್ಷ ಸುಮ್ಮನಿದ್ದ ನರದ ತಂತಿ
ಸರಿಯಾಗಿ ಆರರಲ್ಲೇ ಕುಂಟಿತು.

ಏಳನೇ ಹಾಡಿನಲ್ಲಿ ಮಾತಿಲ್ಲ. ಬಿಲ್ಲು, ಅಷ್ಟೇ,
ನಡುವೆ ಶಿಕಾರಿಪುರದ ಕೊನೆ ಬಸ್ಸಿನ ಹಾರನ್ನು; ತೆಗೆಯಲಿಲ್ಲ.
ತೆಸ್ಫಾಯೆ ಕೇಳಿ ಬರೆದ: ಇದು ನಮ್ಮ ಯಾವ ಊರಿನ ವಾದ್ಯ?
ನಿಖತ್ ಓದಿ ಹೇಳಿದಳು.
ಗಿರಾಕಿಗೆ ದಿಂಬಿನ ಬೆಲೆ ಹೇಳುತ್ತಿದ್ದ ಮಾವ
ಎರಡು ಸಲ ತಪ್ಪಿ ಹೇಳಿದರು.