ಮುನ್ನೂರು ಪದ ಮೀರದಂತೆ

ಮುನ್ನೂರು ಪದ ಮೀರಬಾರದು, ಉದಾಹರಣೆಗಳೂ ಸೇರಿ.
ಕಡತದಲ್ಲಿ ಎಲ್ಲೂ ಲೇಖಕರ ಹೆಸರಿರಬಾರದು.
ಇವತ್ತು ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ.
ಈಗ ಒಂಬತ್ತೂಕಾಲು. ಬ್ರಹ್ಮಪುರದ ಬಾಡಿಗೆ ಕೋಣೆಯಲ್ಲಿ
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತಿದೆ.
ನನ್ನ ಪದಗಳು ನಾನೂರಾ ಹನ್ನೊಂದು.

ವಿಷಯ ಸಣ್ಣದು. ಒಂದು ಕ್ರಿಯಾಪದ: ಹತ್ತು.
ಮೆಟ್ಟಿಲು ಹತ್ತುವ ಹತ್ತು, ಬೆಂಕಿ ಹತ್ತುವ ಹತ್ತು,
ಮಾಡಲಿಕ್ಕೆ ಹತ್ತಿದ್ದಾನೆ ಎಂಬಲ್ಲಿಂದ ಸವೆಯುತ್ತ ಬಂದು
ಧಾರವಾಡದ ಕಡೆ ಮಾಡಾಕತ್ತಾನ,
ನಮ್ಮಲ್ಲಿ ಮಾಡ್ಲಕತ್ತಾನ,
ಹುಮನಾಬಾದ ದಾಟಿದರೆ ಮಾಡ್ಲತ್ಯಾನ.
ಮೊದಲು ಹೋದದ್ದು ಹಕಾರ.
ಉಸಿರಲ್ಲವೆ, ಯಾರಿಗೂ ಗೊತ್ತಾಗದಂತೆ ಹೋಯಿತು.
ಈಗ ಆ ಮಾತಿನಲ್ಲಿ ಯಾರೂ ಏನನ್ನೂ ಹತ್ತುವುದಿಲ್ಲ.
ನಡೆಯುವುದು ನಡೆಯುತ್ತಲೇ ಇದೆ, ಅಷ್ಟೇ.

ಎರಡು ತಿಂಗಳು ಶಹಾಬಜಾರದ ಗಲ್ಲಿಯಲ್ಲಿ
ಗುರುಬಾಯಿಯ ಒಲೆಯ ಮುಂದೆ
ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತೆ.
ಧ್ವನಿಮುದ್ರಣದ ತುಂಬ ರೊಟ್ಟಿ ಬಡಿಯುವ ಸದ್ದು,
ನಡುವೆ ಎಲ್ಲೋ ವ್ಯಾಕರಣ.
ಒಲಿ ಹತ್ತವಲ್ದು. ರೊಟ್ಟಿ ತಳ ಹತ್ತೇದ.
ಸೇಡಂ ಬಸ್ ಹತ್ತಿ ಹೋಗ್ಯಾಳ ಸೊಸಿ.
ಹತ್ತು ರೂಪಾಯಿಗೊಂದು ರೊಟ್ಟಿ. ಅದು ಬೇರೆ ಹತ್ತು,
ಅದನ್ನೂ ಬರೆದುಕೊಂಡು ಆಮೇಲೆ ಹೊಡೆದುಹಾಕಿದೆ.

ಒಂದು ವಾಕ್ಯ ಉಳಿದಿತ್ತು.
ಒಮ್ಮೆಗೇ ಮುಗಿದುಹೋಗುವ ಕ್ರಿಯೆಗಳಿಗೂ
ಇದು ಅಂಟುತ್ತದೆಯೆ ಎಂದು ನೋಡಬೇಕಿತ್ತು.
ಪಟ್ಟಿಯಲ್ಲಿದ್ದಂತೆ ಕೇಳಿದೆ:
'ಮುತ್ಯಾ ಸಾಯ್ಲಕತ್ತಾನ.' ಹಿಂಗ ಅಂತೀರೇನ್ರೀ?

ಬಡಿಯುವ ಕೈ ನಿಂತಿತು.
'ಹಂಗ ಅನ್ನಬಾರದವ್ವ.'
ಅನ್ನಬಾರದೋ, ಅನ್ನಲಿಕ್ಕೆ ಬರೂದಿಲ್ಲೋ?
'ಅದಾರ ಅಂತೀವಿ. ಇಲ್ಲಂದ್ರ ಹೋದ್ರು ಅಂತೀವಿ.
ನಡುವ ಏನೂ ಅನ್ನಂಗಿಲ್ಲ.'
ಒಳಗೆ ಹೊರಸಿನ ಮೇಲೆ ಯಾರೋ ಕೆಮ್ಮಿದರು.
ಎರಡು ತಿಂಗಳಲ್ಲಿ ಒಮ್ಮೆಯೂ
ನಾನು ಒಳಗೆ ಇಣುಕಿರಲಿಲ್ಲ.

ವ್ಯಾಕರಣ ಒಪ್ಪದ ವಾಕ್ಯಕ್ಕೆ ನಕ್ಷತ್ರ ಹಾಕುವುದು ನಮ್ಮ ರೂಢಿ.
ಅನುಮಾನವಿದ್ದರೆ ಪ್ರಶ್ನೆಚಿಹ್ನೆ.
ಒಪ್ಪಿಯೂ ಬಾಯಿಗೆ ತಾರದ ವಾಕ್ಯಕ್ಕೆ ಏನು ಹಾಕಬೇಕೆಂದು
ಯಾವ ಕೈಪಿಡಿಯಲ್ಲೂ ಇಲ್ಲ.
ನಕ್ಷತ್ರ ಹಾಕಿದೆ. ತೆಗೆದೆ. ಹಾಕಿದೆ.
ಕರೆಂಟು ಹೋಯಿತು. ಬ್ಯಾಟರಿ ಶೇಕಡ ಇಪ್ಪತ್ತಾರು.
ವಾಕ್ಯವನ್ನೇ ಅಳಿಸಿದೆ,
ಅದರ ಬೆನ್ನಿಗಿದ್ದ ವಿವರಣೆಯೂ ಹೋಯಿತು, ತೊಂಬತ್ತು ಪದ.

ಫೋನಿನಲ್ಲಿ ಗೈಡ್ ಕೇಳಿದರು:
'ಅದೇ ನಿನ್ನ ಮುಖ್ಯ ವಾದ ಅಲ್ಲೇನಮ್ಮಾ?'
ಹೌದು ಸರ್, ಎಂದೆ.

ಇನ್ನು ಹೆಸರು. ಮೇಲೆ ಅಳಿಸಿದೆ, ಅಡಿಟಿಪ್ಪಣಿಯಲ್ಲಿ ಅಳಿಸಿದೆ,
ಕಡತದ ಹೊಟ್ಟೆಯೊಳಗೆ ಅಡಗಿದ್ದನ್ನೂ ಹುಡುಕಿ ಅಳಿಸಿದೆ.
ಆದರೂ ಮೊದಲ ಉದಾಹರಣೆಯಲ್ಲಿ ನಾನು ಕೂತೇ ಇದ್ದೆ,
ಮೊದಲ ದಿನ ಆಕೆ ಕೇಳಿದ ಮಾತು:
'ಮಾನಂದಾ, ಏನ್ ಬರೀಲಕತ್ತೀ?'
ಬೇರೆ ಯಾವ ಹೆಸರೂ ಆ ಹೊತ್ತಿಗೆ ಹೊಳೆಯಲಿಲ್ಲ.
'ಗುರುಬಾಯಿ, ಏನ್ ಬರೀಲಕತ್ತೀ?' ಎಂದಾಯಿತು.
ಆಕೆಗೆ ಅಕ್ಷರ ಬಾರದು.
ಓದುವವರಿಗೆ ಅದು ತಿಳಿಯಬೇಕಿಲ್ಲ.

ಹನ್ನೊಂದು ಐವತ್ತೆರಡಕ್ಕೆ ಕಳಿಸಿದೆ.
ಇನ್ನೂರಾ ತೊಂಬತ್ತೆಂಟು.
ಎರಡು ಪದಕ್ಕೆ ಜಾಗ ಉಳಿದಿತ್ತು.
ಹಾಗೇ ಬಿಟ್ಟೆ.