ಕಾಗದದ ಹಿಂಬದಿ

ಬಾಗಿಲಲ್ಲಿ ಇನ್ನೂ ಹಿತ್ತಾಳೆಯ ಕಾಗದಗಂಡಿ ಇದೆ.
ಹಿಂದೆ ಇದು ಅಂಚೆಕಚೇರಿ.
ಈಗ ಆ ಗಂಡಿಯ ಎತ್ತರಕ್ಕೆ ಸರಿಯಾಗಿ
ಗ್ರೇಹೌಂಡುಗಳ ಮೂಗು ಬರುತ್ತದೆ,
ಒಳಗೆ ಕೂತ ನನ್ನ ಮೊಣಕಾಲಿಗೆ ಒದ್ದೆ ಉಸಿರು.

ನಾರ್ತಂಬರ್‌ಲ್ಯಾಂಡಿನ ಈ ಕಡಲಂಚಿನಲ್ಲಿ
ಹದಿನೇಳು ವರ್ಷದಿಂದ ನನ್ನದು ಇದೇ ಮೇಜು.
ಜನರ ಹೆಸರು ಮರೆಯುತ್ತೇನೆ,
ನಾಯಿಗಳ ತೂಕ ಮರೆಯುವುದಿಲ್ಲ.
ಪಾದ್ರಿಯವರ ಸ್ಪೇನಿಯಲ್ ಹದಿನಾರೂವರೆ ಕಿಲೋ.
ಪಾದ್ರಿಯವರ ಹೆಸರು, ತಡೆಯಿರಿ, ಬರುತ್ತದೆ.

ಡಾಕ್ಟರ್ ಲೋರ್ನಾ ಡಾಡ್ಸ್ ಒಬ್ಬಳೇ.
ಎಕ್ಸ್‌ರೇ ಯಂತ್ರ ಕೆಮ್ಮುತ್ತದೆ, ಸೂರು ಸೋರುತ್ತದೆ,
ರಾತ್ರಿ ಎರಡಕ್ಕೆ ಹೊಟ್ಟೆಯಲ್ಲಿ ಕುರಿಮರಿ ಅಡ್ಡ ನಿಂತರೆ
ಪೈಜಾಮದ ಮೇಲೇ ಬೂಟು ಹಾಕಿ ಹೊರಡುವವಳು ಇವಳೇ.
ದೊಡ್ಡ ಕಂಪನಿಯೊಂದರಿಂದ ಪತ್ರ ಬಂದಿತ್ತು,
ಕೆನೆಬಣ್ಣ, ದಪ್ಪಗೆ, ಮದುವೆಯ ಕರೆಯೋಲೆಯ ಹಾಗೆ:
ಬೋರ್ಡಿನ ಮೇಲೆ ನಿಮ್ಮ ಹೆಸರು ಹಾಗೇ ಇರುತ್ತದೆ.
ಸುತ್ತಲಿನ ನಾಲ್ಕು ಊರುಗಳಲ್ಲೂ ಹೆಸರುಗಳು ಹಾಗೇ ಇವೆ.
ಮೂರು ವಾರ ಅದು ಸ್ಟೇಪ್ಲರಿನ ಕೆಳಗೆ ಕೂತಿತ್ತು.
ಅವಳು ಹರಿದು ಹಾಕಲಿಲ್ಲ, ಅದನ್ನೂ ಹೇಳಬೇಕು.
ಒಂದು ಸಂಜೆ ನನ್ನ ಕ್ಯಾಲ್ಕ್ಯುಲೇಟರ್ ಇಸಿದುಕೊಂಡು
ಬಾಗಿಲು ಹಾಕಿಕೊಂಡದ್ದೂ ಉಂಟು.

ಏಪ್ರಿಲ್ ಕೊನೆಗೆ ಕತ್ಬರ್ಟ್ ಸ್ಟಾಬ್ಸ್ ಬಂದ,
ಏಡಿಯ ದೋಣಿ ಮಾರಿ ಎರಡು ವರ್ಷವಾದರೂ
ಕೈಯಿಂದ ಉಪ್ಪು ಹೋಗದವನು.
ಕಂಕುಳಲ್ಲಿ ಟ್ಯಾನ್ಸಿ, ಬಾರ್ಡರ್ ಟೆರಿಯರ್, ಹನ್ನೆರಡು ವರ್ಷ,
ಎದೆಯಲ್ಲಿ ಸರಿಯಾಗಿ ಮುಚ್ಚಿಕೊಳ್ಳದ ಒಂದು ಕವಾಟ.
"ಮಾತ್ರೆ ದಿನಕ್ಕೆರಡು," ಅಂದಳು ಲೋರ್ನಾ.
"ಆಮೇಲೆ ಹೊರಗೆ ಕರೆದುಕೊಂಡು ಹೋಗು. ಓಟ ಬೇಡ.
ಒಂದು ಕಂಬ ಮೂಸಲು ಹತ್ತು ನಿಮಿಷ ಹಿಡಿದರೆ
ಹತ್ತು ನಿಮಿಷ ನಿಲ್ಲು."
"ಎಲ್ಲಿಗೆ?" ಅಂದ.
ನಲವತ್ತು ವರ್ಷ ಕಡಲಿಗೆ ಹೋದವನು,
ನೆಲದ ಮೇಲೆ ಎಲ್ಲಿಗೆ ಹೋಗುವುದೆಂದು ಕೇಳುತ್ತಿದ್ದ.

ಲೋರ್ನಾ ಕೈಗೆ ಸಿಕ್ಕ ಹಾಳೆ ಎಳೆದಳು, ಮಗುಚಿದಳು.
ಯಾವ ಹಾಳೆಯೆಂದು ನೋಡಿದಳೋ ಇಲ್ಲವೋ,
ಇವತ್ತಿಗೂ ನಾನು ಕೇಳಿಲ್ಲ.

ಇದು ಬಂದರು. ಇದು ತುಕ್ಕು ಹಿಡಿದ ಕಂಬ:
ಮೇ ಒಂದರಿಂದ ಸೆಪ್ಟೆಂಬರ್ ಮುಗಿಯುವ ತನಕ
ಆಚೆಯ ಮರಳು ಮಕ್ಕಳದು, ಈಚೆಯದು ನಾಯಿಗಳದು.
ಟ್ಯಾನ್ಸಿಗೆ ಓದಲು ಬಾರದು, ನಿನಗೆ ಬರುತ್ತದೆ.
ಕೋಟೆಯ ಹುಲ್ಲಿನಲ್ಲಿ ಕುರಿಮರಿಗಳಿವೆ, ಹಗ್ಗ ಬಿಚ್ಚಬೇಡ.
ಇದು ಡೋರೀನಳ ಚಹದಂಗಡಿ,
ನಾಯಿಗೆ ಸಾಸೇಜಿನ ತುದಿ ಪುಕ್ಕಟೆ, ನಿನಗಲ್ಲ.
ಗುರುವಾರ ಗ್ರಂಥಾಲಯ: ಓದುವಾಗ ತೊದಲುವ ಮಕ್ಕಳು
ನಾಯಿಗಳಿಗೆ ಕತೆ ಓದುತ್ತಾರೆ. ನಾಯಿಗಳು ತಿದ್ದುವುದಿಲ್ಲ.
ಪಬ್ಬಿನಲ್ಲಿ, ಕಿಟಕಿಯಿಂದ ಮೂರನೆಯ ಕಲ್ಲುಚಪ್ಪಡಿ,
ಅದರಡಿ ಬಿಸಿನೀರಿನ ಕೊಳವೆ ಹಾದಿದೆ.
ಇದು ಮನುಷ್ಯರಿಗೆ ಗೊತ್ತಿಲ್ಲ.

ಜೂನಿನಲ್ಲಿ ಕಂಪನಿಯಿಂದ ಫೋನು. ಮೆದು ದನಿಯ ಹುಡುಗ.
"ನಮ್ಮ ಪತ್ರ ತಲುಪಿತೇ?"
ತಲುಪಿತು, ಅಂದೆ. ಈಗ ನಾಯಿಯ ಜೊತೆ ವಾಕಿಂಗ್ ಹೋಗಿದೆ.
ಹಿಂದಿನ ಕೋಣೆಯಲ್ಲಿ ಯಾವುದೋ ಹೌಂಡ್ ಊಳಿಟ್ಟಿತು.
ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲವಂತೆ,
ಫೋನು ಮಾತ್ರ ಕಟ್ಟಾಯಿತು.

ಅಕ್ಟೋಬರಿನಲ್ಲಿ ಸ್ಟಾಬ್ಸ್ ಮತ್ತೆ ಬಂದ.
ಎಂಟು ಮಡಿಕೆಯ ಕಾಗದ, ಮಡಿಕೆಗಳಲ್ಲಿ ಮರಳು,
ಒಂದು ಮೂಲೆ ಯಾರೋ ಕಚ್ಚಿದ್ದು, ಹೆಸರು ಹೇಳುವುದಿಲ್ಲ.
"ಚಳಿಗಾಲಕ್ಕೆ?" ಅಂದ. "ಈ ಕಡೆ ಜಾಗವಿಲ್ಲ."
ಲೋರ್ನಾ ತಿರುಗಿಸಿದಳು. ಅಚ್ಚಾದ ಸಾಲುಗಳು,
ಸೊನ್ನೆಗಳು, ಕೆಳಗೆ ಸಹಿಗೆಂದು ಬಿಟ್ಟ ಚುಕ್ಕೆಗೆರೆ.
ಈ ಸಲ ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.
ಪೆನ್ನನ್ನು ಚುಕ್ಕೆಗಳ ಕೊನೆಗೆ ಒಯ್ದು
ಗಾಳಿ ತಾಗದ ಒಂದು ಬೆಂಚು ಬರೆದಳು,
ಹಳೆ ದೋಣಿಮನೆಯ ಹಿಂದೆ, ಬಿಸಿಲು ಬೀಳುವ ಕಡೆ.
"ಈ ಚುಕ್ಕೆಗಳೇ ಕಾಲುದಾರಿ," ಅಂದಳು. "ಹೀಗೇ ಹೋಗು."

ಟ್ಯಾನ್ಸಿಯನ್ನು ತಕ್ಕಡಿಗೆ ಏರಿಸಿದೆ.
ಏಳು ಕಿಲೋ ಇನ್ನೂರು. ಏಪ್ರಿಲಿಗಿಂತ ಮುನ್ನೂರು ಗ್ರಾಂ ಜಾಸ್ತಿ.
"ಸಾಸೇಜು," ಅಂದ ಸ್ಟಾಬ್ಸ್, ನೆಲ ನೋಡುತ್ತ.
ಸೂರು ಇನ್ನೂ ಸೋರುತ್ತಿದೆ.
ಬಟ್ಟಲಲ್ಲಿ ನಲ್ಲಿನೀರು ಇಟ್ಟಿದ್ದೇನೆ,
ಟ್ಯಾನ್ಸಿ ಬಕೆಟ್ಟಿನದೇ ಕುಡಿಯುತ್ತಾಳೆ.