ಎರಡನೆಯ ಪಿನ್ನು

ಹೀಯುಮಾ ದ್ವೀಪದ ಬಂದರು ಕಚೇರಿ. ಬೆಳಗಿನ ನಾಲ್ಕು.
ಮಂಜು ಕಿಟಕಿಗೆ ಕೆನ್ನೆ ಒತ್ತಿ ನಿಂತಿದೆ.
ದೋಣಿಗಳಿಗೆ ದಡ ಹೇಳುವ ಕಹಳೆ
ನಿನ್ನೆಯಿಂದ ಮೂಕ.

ಹದಿನೇಳು ವರ್ಷ ದುಡಿದ ಹಳೆಯ ಕಂಪ್ಯೂಟರು
ಮೊನ್ನೆ ಕಣ್ಣು ಮುಚ್ಚಿತು. ಬಂದ ಹೊಸದೋ
ಸ್ವಂತ ನೆರಳನ್ನೂ ನಂಬದ ಜಾತಿ.

ವೈಕೆ, ಒಂದು ಕಾಲದ ರೇಡಿಯೋ ಆಪರೇಟರು,
ಕನ್ನಡಕ ಮೂಗಿಗಿಳಿಸಿ ಬರೆದದ್ದು ಹನ್ನೊಂದೇ ಸಾಲು:
ಪೋರ್ಟಿಗೆ ಒಂದು ಬರೆ,
ಎರಡು ಸೆಕೆಂಡು ತಾಳು,
ಸೊನ್ನೆ ಬರೆ,
ಮತ್ತೆ ಮೊದಲಿಂದ.

ಮೊದಲ ಸಾಲಿಗೇ ಕರ್ನಲ್ಲು ಕತ್ತು ಹಿಡಿದು
ಹೊರಗೆ ದಬ್ಬಿತು. ಕಾರಣ ಕೇಳುವಂತಿಲ್ಲ.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ ನಾವು.
ಅವಳ ಭಾಷೆಯಲ್ಲಿ ಏನೆನ್ನುತ್ತಾರೋ ಕಾಣೆ;
ಅವಳು ಬೈದದ್ದು ಮಾತ್ರ ಚಿಕ್ಕದಿತ್ತು, ಖಾರವಿತ್ತು.

ರೂಟ್ ಪಾಸ್‌ವರ್ಡು ಹುಡುಕಿ, ಮತ್ತೆ ಬಂದು,
ಈ ಸಲ ಕೇಳಿಯೇ ಒಳಗಡಿಯಿಟ್ಟಳು:
ಇಡೀ ಮನೆ ಬೇಡ ಮಾರಾಯ,
ಮೂರು-ಏಳು-ಎಂಟರಿಂದ ಮೂರೇ ಬಾಗಿಲು.
ಸಿಕ್ಕವು.
ಒಂದು ಬರೆದಳು. ತಕರಾರಿಲ್ಲ.
ಕಹಳೆಯೂ ಇಲ್ಲ.

ತಿರುಗಿ ಓದಿದರೆ ಇನ್ನೂರ ಐವತ್ತೈದು:
ಎಂಟಕ್ಕೆ ಎಂಟೂ ಕಿಟಕಿಯಲ್ಲಿ ದೀಪ.
ಫ್ಲಾಸ್ಕು ಹಿಡಿದು ಕಾದಿದ್ದ ಮೀನುಗಾರ ಎಂಡೆಲ್ ಹಿಗ್ಗಿದ,
"ತುಂಬಿದ ಮನೆ!"
"ಅಲ್ಲ," ಎಂದಳು, "ಯಾರೂ ಇಲ್ಲದಿದ್ದಾಗ
ಹೀಗೇ ಹೇಳುತ್ತದೆ."

ಕೊಟ್ಟ ಅಪ್ಪಣೆ ಖರೆಯೇ.
ಬಾಗಿಲ ಹಿಂದೆ ಕೋಣೆ ಇದೆಯೆಂದು
ಯಾರೂ ಮಾತು ಕೊಟ್ಟಿರಲಿಲ್ಲ.

ಆಮೇಲೆ ಡಬ್ಬ ಬಿಚ್ಚಿದ್ದು, ಟಾರ್ಚು ಹಿಡಿದದ್ದು,
ಬೆರಳಿಗೆ ತಗಡು ತಾಗಿ ರಕ್ತ. ಹೊಸ ಕಾರ್ಡು
ಬೇರೆಯೇ ಬೀದಿಯಲ್ಲಿ ಮನೆ ಮಾಡಿಕೊಂಡಿತ್ತು:
ಡಿ, ಸೊನ್ನೆ, ಒಂದು, ಸೊನ್ನೆ.
ಅಲ್ಲಿಗೆ ಮೂರು ಬಾಗಿಲು ಕೇಳಿ, ಒಂದು ಬರೆದು,
ಮೀಟರಿನ ಸೂಜಿಮೊನೆ ಎರಡನೆಯ ಪಿನ್ನಿಗೆ ಮುಟ್ಟಿಸಿದಳು.
ನಾಲ್ಕೂ ಮುಕ್ಕಾಲು ವೋಲ್ಟು.
ಅಕ್ಕಿಕಾಳಿನಷ್ಟು ವಿದ್ಯುತ್ತು,
ರಿಲೇ ಟಿಕ್ ಎಂದಿತು,

ಗೋಡೆಯ ಆಚೆ ಕಹಳೆ
ಎದೆಗೂಡು ನಡುಗುವಂತೆ ಕೂಗಿತು.

ಮಂಜಿನೊಳಗಿಂದ ಮೊದಲು ಉತ್ತರಿಸಿದ್ದು
ದೋಣಿಯಲ್ಲ, ಯಾರದೋ ಹಸು.
ಎಂಡೆಲ್ ನಕ್ಕು ಕಾಫಿ ಚೆಲ್ಲಿಕೊಂಡ.

ವೈಕೆ ನಗುತ್ತಲೇ ಹನ್ನೆರಡನೆಯ ಸಾಲು ಸೇರಿಸಿದಳು,
ಪಡೆದ ಬಾಗಿಲನ್ನು ಹಿಂದಿರುಗಿಸುವ ಸಾಲು.
ಪ್ರೋಗ್ರಾಮು ಅದನ್ನು ಮುಟ್ಟಬೇಕಾದರೆ
ಮಂಜು ಕರಗಬೇಕು.